ಕೊಟ್ಟಿಗೆಯಲ್ಲಿ ಬೆಂದ ಬನ್ನು

ಮೊನ್ನೆ ಭಾನುವಾರ ಕೆಳಗಿನ ಮನೆಯಿಂದ ಒಂದು ವಾಸನೆ ಮೆಟ್ಟಿಲು ಹತ್ತಿ ಬಂತು. ಬೆಣ್ಣೆ ಸವರಿದ ಬನ್ನು ಬೇಯುವ ವಾಸನೆ, ಅದರ ಜೊತೆಗೆ ಕರಗುವ ಚೀಸು, ಅದರಡಿಯಲ್ಲಿ ಮಾಂಸ. ಬಾಡಿಗೆಗಿರುವ ಹುಡುಗಿ ಹೊಸದಾಗಿ ಓವನ್ ಕೊಂಡಿದ್ದಾಳೆ. ಸ್ವಲ್ಪ ಹೊತ್ತಿಗೆ ಅವಳೇ ಮೇಲೆ ಬಂದು, ಬಾಗಿಲ ಹೊರಗೇ ನಿಂತು, "ಅಜ್ಜಿ, ನಿಮಗೆ ತೊಂದ್ರೆ ಆಯ್ತಾ?" ಎಂದಳು. ಯಾವ ಮಾಂಸವೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನವೂ ಲಿಂಗಪೂಜೆ ಮಾಡಿ ವಿಭೂತಿ ಧರಿಸುವ ಮುದುಕಿಗೆ ಸಿಟ್ಟು ಬಂದಿದೆ ಎಂದುಕೊಂಡಿರಬೇಕು. ನಾನು ಅವಳನ್ನು ಒಳಗೆ ಕರೆಯದೆ ನಿಂತದ್ದು ನಿಜ. ಆದರೆ ಕಾರಣ ಅದಲ್ಲ. ಆ ವಾಸನೆ ನನ್ನ ಮೂಗಿಗೆ ಮೊದಲ ಸಲ ಬಂದದ್ದು ನಮ್ಮದೇ ಮನೆಯ ಹಿತ್ತಲಲ್ಲಿ, ಹದಿನಾರು ವರ್ಷದವಳಿದ್ದಾಗ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮೂರು ಕೊಳ್ಳೇಗಾಲ. ಅದು ಎರಡನೇ ಮಹಾಯುದ್ಧದ ಕಾಲ. ಆಗ ನಾವು ಮದರಾಸು ಪ್ರಾಂತ್ಯಕ್ಕೆ ಸೇರಿದವರು, ಪಕ್ಕದ ಯಳಂದೂರಿನವರು ಮೈಸೂರು ಸಂಸ್ಥಾನದವರು. ಅಪ್ಪನಿಗೆ ರೇಷ್ಮೆ ನೂಲಿನ ವ್ಯಾಪಾರ. ಮನೆ ಆಳುತ್ತಿದ್ದವಳು ಮಾತ್ರ ಅಪ್ಪನ ತಾಯಿ, ನಮ್ಮಜ್ಜಿ. ಪಕ್ಕದ ಬೀದಿಯ ಕೋಳಿಯೊಂದು ಹಿತ್ತಲು ದಾಟಿದರೂ ಅದು ನಡೆದ ದಾರಿಗೆಲ್ಲ ಸಗಣಿನೀರು ಹಾಕಿಸುವವಳು. ನನಗೆ ಯಳಂದೂರಿನ ಒಂದು ಮನೆಯಲ್ಲಿ ಸಂಬಂಧ ಗೊತ್ತಾಗಿತ್ತು. ವೀಳ್ಯ ಬದಲಾಯಿಸಿಯೂ ಆಗಿತ್ತು. ಗಂಡನ್ನು ನಾನು ಸರಿಯಾಗಿ ನೋಡಿರಲಿಲ್ಲ. ಬಾಗಿಲ ಸಂದಿಯಿಂದ ಕಂಡದ್ದು ಜಗಲಿಗೆ ಒರಗಿಸಿದ್ದ ಅವನ ಕರಿ ಛತ್ರಿ ಮಾತ್ರ. ಎರಡು ತಿಂಗಳು ಆ ಛತ್ರಿಯನ್ನೇ ನೆನೆದುಕೊಂಡು ನಾಚುತ್ತಿದ್ದೆ.

ಊರಾಚೆ ಒಂದು ಸಣ್ಣ ಆಸ್ಪತ್ರೆಯಿತ್ತು. ಅದರ ಡಾಕ್ಟ್ರಮ್ಮ ಇಂಗ್ಲೆಂಡಿನವರು, ಒಂಟಿ ಹೆಂಗಸು. ನನ್ನ ತಮ್ಮ ಹುಟ್ಟುವಾಗ ಸೂಲಗಿತ್ತಿ ಕೈಚೆಲ್ಲಿ ಕೂತಳು. ಆಗ ಈ ಡಾಕ್ಟ್ರಮ್ಮ ಬಂದು ಎರಡು ದಿನ ನಮ್ಮ ನಡುಮನೆಯಲ್ಲಿ ಅಲ್ಲಾಡದೆ ಕೂತು ತಾಯಿಯನ್ನೂ ಮಗುವನ್ನೂ ಉಳಿಸಿಕೊಟ್ಟರು. ಅಜ್ಜಿ ಅವರಿಗೆ ಹೊಸ ಚಾಪೆ ಹಾಸಿದಳು. ಅವರು ಹೋದ ಮೇಲೆ ಆ ಚಾಪೆಯನ್ನು ತೊಳೆದಳು. ಎರಡನ್ನೂ ಮನಸಾರೆಯೇ ಮಾಡಿದಳು.

ಮೂರು ವರ್ಷದ ಮೇಲೆ ಆ ಡಾಕ್ಟ್ರಮ್ಮನೇ ಹಾಸಿಗೆ ಹಿಡಿದರು. ಬಿಡದ ಜ್ವರ. ಅಡುಗೆಯವನು ಸೈನ್ಯಕ್ಕೆ ಸೇರಿ ಹೋಗಿದ್ದ. ಅಂತೋಣಿಯಮ್ಮ ಎಂಬ ಆಯಾ ಒಬ್ಬಳೇ ಜೊತೆಗಿದ್ದವಳು, ಅವಳೂ ಬಿದ್ದು ಬಲಗೈ ಮುರಿದುಕೊಂಡು ಕಟ್ಟು ಹಾಕಿಸಿಕೊಂಡಿದ್ದಳು. ಅವ್ವ ದಿನ ಬಿಟ್ಟು ದಿನ ಗಂಜಿ ಒಯ್ಯುತ್ತಿದ್ದಳು, ಜೊತೆಗೆ ನಾನು. ಗಂಜಿ ಹಾಗೇ ಉಳಿಯುತ್ತಿತ್ತು. ಒಂದು ದಿನ ಅವ್ವ ಅವರ ಅಂಗೈ ಮೇಲೆ ಕೈಯಿಟ್ಟು, "ನಿಮ್ಮ ಬಾಯ್ಗೆ ಏನ್ ಬೇಕು ಯೋಳಿ ತಾಯಿ. ಏನೇ ಆಗ್ಲಿ, ನಾನ್ ಮಾಡ್ಕಂಡು ಬತ್ತೀನಿ. ಇದು ಮಾತು" ಎಂದಳು.

ಡಾಕ್ಟ್ರಮ್ಮ ಕಣ್ಣು ಮುಚ್ಚಿಕೊಂಡೇ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಕೈಯಲ್ಲಿ ಪುಟ್ಟ ಪುಟ್ಟ ಬನ್ನಿನ ಆಕಾರ ತೋರಿಸಿದರು. ಕೇಳುತ್ತಿದ್ದ ಅಂತೋಣಿಯಮ್ಮ ಬೆವೆತಳು.

"ಅಮ್ಮಾ, ಅದು ವೇಂಡಾಮ್, ಬೇಡ. ಅವರ ತಾಯಿ ಮಾಡ್ತಿದ್ದದ್ದು. ಸಣ್ಣ ಬನ್ನು, ಒಳಗೆ ದನದ ಮಾಂಸ, ಚೀಸು, ಮತ್ತೆ ಕೆಂಡದಲ್ಲಿ ಇಟ್ಟು ಬೇಯ್ಸದು. ಜ್ವರದಾಗೆ ಮಾತಾಡ್ತಾ ಇದಾರೆ, ಬಿಟ್ಬುಡಿ."

ಅಷ್ಟರಲ್ಲಿ ಡಾಕ್ಟ್ರಮ್ಮನೂ ಎಚ್ಚೆತ್ತು, "ಬೇಡ, ಬೇಡ. ನೀವು ಮಾಡಬಾರದು" ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು. ಅವ್ವನ ಮುಖ ಬೆಳ್ಳಗಾಗಿತ್ತು. ಆದರೂ ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ದಾರಿಯುದ್ದಕ್ಕೂ ನಾನು ಅವಳನ್ನು ಬೇಡಿಕೊಂಡೆ. "ಯಳಂದೂರಿನೋರ್ಗೆ ಗೊತ್ತಾದ್ರೆ ಏನವ್ವಾ ಗತಿ?" ಅವ್ವ ಒಂದೇ ಮಾತು ಅಂದಳು: "ಎಲ್ಡು ದಿನ ಅವ್ರು ನನ್ನ ರಕ್ತ ಬಾಚಿದ್ರು. ಆಗ ಯಾವ ಜಾತಿ ಅಂದ್ಕಂಡು ಬಾಚ್ತಿದ್ರು ಮಗಾ?"

ಮರುವಾರ ಅಪ್ಪ ವ್ಯಾಪಾರಕ್ಕೆಂದು ಸೇಲಮ್ಮಿಗೆ ಹೋದ. ಮಧ್ಯಾಹ್ನ ಅಜ್ಜಿ ಒರಗಿದ ಹೊತ್ತು ನೋಡಿ ಅಂತೋಣಿಯಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅವಳ ಬುಟ್ಟಿಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಾಂಸ, ಡಾಕ್ಟ್ರಮ್ಮನ ಬೀರುವಿನಲ್ಲಿ ಉಳಿದಿದ್ದ ಚೀಸಿನ ಡಬ್ಬ. ಹಿಂದಿನ ದಿನವೇ ಅವಳು ತಂದುಕೊಟ್ಟಿದ್ದ ಹೆಂಡ ಹಾಕಿ ಅವ್ವ ಹಿಟ್ಟು ಕಲಸಿಟ್ಟಿದ್ದಳು. ಹೆಂಡವಿಲ್ಲದಿದ್ದರೆ ಬನ್ನು ಉಬ್ಬುವುದಿಲ್ಲವಂತೆ. ನಮ್ಮ ಮನೆಯಲ್ಲಿ ಹೆಂಡ! ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮಾಂಸ ಬಂದಿತ್ತು.

ಅಡುಗೆಮನೆಯಲ್ಲಿ ಮಾಡುವಂತಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಮಡಕೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿದರು. ಅವ್ವ ಮೊದಲು ಮಾಂಸವನ್ನು ಇಕ್ಕಳದಲ್ಲಿ ಹಿಡಿದಳು, ಅದು ಜಾರಿತು. ಅಂತೋಣಿಯಮ್ಮ ಎಡಗೈ ಚಾಚಿದಳು. ಅವ್ವ ಬೇಡವೆಂದು ತಲೆಯಾಡಿಸಿ, ಬರಿಗೈಯಲ್ಲೇ ತೆಗೆದು ಉಪ್ಪು ಮೆಣಸು ತಿಕ್ಕಿದಳು. ಬೆಂದ ಮೇಲೆ ತೆಳ್ಳಗೆ ಕೊಯ್ದಳು. ಅದೇ ಕೆಂಡದಲ್ಲಿ ಬೇಯಿಸಿಟ್ಟಿದ್ದ ಬನ್ನುಗಳನ್ನು ಅಡ್ಡಲಾಗಿ ಸೀಳಿ, ಮಾಂಸ, ಅದರ ಮೇಲೆ ಚೀಸು, ಮೇಲಿನ ಅರ್ಧ ಇಟ್ಟು ಮತ್ತೆ ಮಡಕೆಗೆ ಜೋಡಿಸಿದಳು. ಮೇಲೆ ಸವರಿದ್ದು ನಮ್ಮದೇ ಹಸುವಿನ ಬೆಣ್ಣೆ. ಆ ಹಸು ಮೂರು ಮಾರು ದೂರದಲ್ಲಿ ನಿಂತು ಹುಲ್ಲು ಮೆಲ್ಲುತ್ತಿತ್ತು.

ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ನಾನು ಅಲ್ಲಿಂದ ಓಡಿದೆ. ಓಡಿ ಅಜ್ಜಿಯನ್ನು ಎಬ್ಬಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಧರ್ಮದ ಚಿಂತೆಯಿಂದ ಹೇಳಿದೆ ಎಂದು ಬರೆಯಬಹುದು. ಆದರೆ ನನಗೆ ಚಿಂತೆಯಿದ್ದದ್ದು ಛತ್ರಿಯದು.

ಅಜ್ಜಿ ಕೋಲೂರಿಕೊಂಡು ಕೊಟ್ಟಿಗೆಗೆ ಬಂದಳು. ಅವ್ವ ಎದ್ದು ನಿಂತಳು. ಕೈ ತುಂಬ ಎಣ್ಣೆಜಿಡ್ಡು, ಸೆರಗು ಮುಟ್ಟದಂತೆ ಎರಡೂ ಕೈ ದೂರ ಹಿಡಿದಿದ್ದಳು. ಮಡಕೆಯಿಂದ ಆ ವಾಸನೆ ಏಳುತ್ತಿತ್ತು. ಅಜ್ಜಿ ಕಿರುಚುತ್ತಾಳೆಂದು ನಾನು ಕಾದೆ. ಕೋಲು ಎತ್ತುತ್ತಾಳೆಂದು ಕಾದೆ.

"ಡಾಕ್ಟ್ರಮ್ಮಂಗಾ?" ಎಂದಳು ಅಜ್ಜಿ.

"ಊ ಅತ್ತೆ."

ಅಜ್ಜಿ ನೇರ ಹಸುವಿನ ಹತ್ತಿರ ಹೋಗಿ ಹಗ್ಗ ಬಿಚ್ಚಿದಳು. "ಇದ್ರ ಕಣ್ಮುಂದೆ ಬ್ಯಾಡ ಕಣವ್ವ" ಎಂದು ಹೇಳಿ, ಅದನ್ನು ಹೊರಗೆ ನಡೆಸಿಕೊಂಡು ಹೋಗಿ ಹುಣಸೆಮರಕ್ಕೆ ಕಟ್ಟಿದಳು. ಹಿಂದಿರುಗಿ ಬರಲಿಲ್ಲ. ಬನ್ನು ಹೊರಟುಹೋಗುವವರೆಗೂ ಅಲ್ಲೇ ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಡಾಕ್ಟ್ರಮ್ಮ ಒಂದೂವರೆ ಬನ್ನು ತಿಂದರಂತೆ. ತಿನ್ನುವಾಗ ಅತ್ತರಂತೆ. ಹತ್ತು ದಿನಕ್ಕೆ ತೀರಿಕೊಂಡರು.

ಅಂತೋಣಿಯಮ್ಮ ಒಳ್ಳೆಯವಳು. ದುಃಖದಲ್ಲಿ ಅವ್ವನ ಕೈಗುಣವನ್ನು ಕಂಡಕಂಡವರ ಮುಂದೆ ಹೊಗಳಿದಳು. ಆ ಹೊಗಳಿಕೆ ಯಳಂದೂರಿಗೂ ಮುಟ್ಟಿತು. ಗಂಡಿನ ಸೋದರಮಾವ ಇಬ್ಬರನ್ನು ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಕೂತರು. ಕೊಟ್ಟ ನೀರು ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ಅವ್ವನ ಕೈಯ ನೀರು ಬಿಟ್ಟು ಒಂದು ತಿಂಗಳಾಗಿತ್ತು. ತನ್ನ ಅಡುಗೆ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಸೇಲಮ್ಮಿನಿಂದ ಬಂದು ವಿಷಯ ತಿಳಿದ ಅಪ್ಪನೂ ಅವಳ ಜೊತೆ ಮಾತು ಬಿಟ್ಟಿದ್ದ.

"ನಿಮ್ಮ ಸೊಸೆ ದನದ ಬಾಡು ಬೇಯ್ಸಿದ್ರು ಅಂತಾರೆ, ದಿಟವಾ ಯೋಳಿ" ಎಂದರು ಸೋದರಮಾವ.

ಅವ್ವ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದಳು. ಅಜ್ಜಿ ಕೋಲನ್ನು ಅಡ್ಡ ಚಾಚಿ ಅವಳನ್ನು ತಡೆದಳು.

"ಅವ್ಳಲ್ಲ ಕಣ್ರಿ. ನಾನು ಬೇಯ್ಸಿದ್ದು. ಈ ಮನೇಲಿ ನಂಗೆ ಯೋಳ್ದೆ ಒಲೆ ಉರಿಯಕ್ಕಿಲ್ಲ. ಸಾಯೋರ ಬಾಯ್ಗೆ ನಾನೇ ಮಾಡಿ ಕಳಿಸ್ದೆ. ಇನ್ನೇನ್ ಕೇಳ್ಬೇಕು?"

ಅಜ್ಜಿ ಸುಳ್ಳು ಹೇಳಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೊರಳ ಲಿಂಗದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅಲ್ಲಿಗೆ ನನ್ನ ಮದುವೆ ಮುರಿಯಿತು.

ಅಜ್ಜಿ ಆಮೇಲೂ ಅವ್ವನ ಕೈಯ ನೀರು ಕುಡಿಯಲಿಲ್ಲ. ಹಬ್ಬಗಳು ಬಂದು ಹೋದವು. ಸುಮಾರು ಒಂದು ವರ್ಷದ ಮೇಲೆ, ಒಂದು ಮಧ್ಯಾಹ್ನ, ಬಿಸಿಲಲ್ಲಿ ಬಂದವಳು ಕುಸಿದು ಕೂತು ತನ್ನ ಚೊಂಬನ್ನು ಅವ್ವನ ಕಡೆ ಚಾಚಿದಳು. ಅವ್ವ ತುಂಬಿ ಕೊಟ್ಟಳು. ಆ ರಾತ್ರಿಯಿಂದ ಅಪ್ಪನೂ ಅವ್ವನನ್ನು ಮಾತಾಡಿಸತೊಡಗಿದ. ನಾನು ಮಾತ್ರ ಇನ್ನೂ ಬಿಗುಮಾನ ಬಿಟ್ಟಿರಲಿಲ್ಲ.

ಮುಂದೆ ಹನೂರಿನ ಒಬ್ಬ ಮೇಷ್ಟರ ಜೊತೆ ನನ್ನ ಮದುವೆಯಾಯಿತು. ಒಳ್ಳೆಯ ಮನುಷ್ಯ. ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ, ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಅವ್ವ, "ಆವತ್ತು ಕೊಟ್ಗೆ ಬಾಗ್ಲ ಸಂದೀಲಿ ಈ ಪಾದ ಕಂಡಿದ್ವು ಕಣ್ ಮಗಾ" ಎಂದಳು. ನಾನೇ ಚಾಡಿ ಹೇಳಿದವಳೆಂದು ಅವಳಿಗೆ ಅಷ್ಟು ವರ್ಷವೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಕಾಲು ಎತ್ತಿಕೊಂಡು ತಿಕ್ಕತೊಡಗಿದಳು.

ಮೊನ್ನೆ ಸಂಜೆ ನಾನೇ ಕೆಳಗಿಳಿದು ಹೋಗಿ ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಮಕ್ಕಳಿಗೂ ಹೇಳಿರದ ವಿಷಯ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಛತ್ರಿಯ ಮಾತಿಗೆ ನಕ್ಕಳು. ಕೊನೆಗೆ, "ಅಜ್ಜಿ, ಅಭ್ಯಾಸ ಇಲ್ಲದವರು ಹಸಿ ಮಾಂಸ ಮುಟ್ಟೋದು ಅಂದ್ರೆ... ಆ ರಾತ್ರಿ ನಿಮ್ಮಮ್ಮ ಊಟ ಮಾಡಿದ್ರಾ? ಆಮೇಲೆ ಹೇಗಿದ್ರು ಅವರು?" ಎಂದಳು.

ಗೊತ್ತಿಲ್ಲ ಎಂದೆ. ಅವ್ವ ಸಾಯುವವರೆಗೂ ಅವಳನ್ನು ನಾನು ಅದೊಂದು ಮಾತು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಹುಡುಗಿ ದೀಪ ಹಾಕಲು ಎದ್ದಳು. ನಾನು ಅವಳ ಅಡುಗೆಮನೆಯ ಕುರ್ಚಿಯಲ್ಲಿ ಹಾಗೇ ಕೂತಿದ್ದೆ.