ಇನೋಬತ್ ಅತ್ತೆಯ ಜರ್ದಾಳು ಬೀಜಗಳು

ರಿಷ್ತಾನ್ ಊರಿನ ಜುಲ್ಹುಮೋರ್ ಹಸಿ ರೊಟ್ಟಿಗೆ ಹೂವಿನ ಅಚ್ಚೊತ್ತುವುದರಲ್ಲಿ ಎತ್ತಿದ ಕೈ. ಆದರೆ ಆ ರೊಟ್ಟಿಯನ್ನು ತಂದೂರಿನೊಳಗೆ ಬಡಿಯಲು ಅವಳನ್ನು ಯಾರೂ ಬಿಡುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ಫಿಟ್ಸ್. ಬೆಂಕಿಯ ಮೇಲೆ ಬಗ್ಗಿದಾಗಲೇ ಬಂದುಬಿಟ್ಟರೆ?

ಮಾತ್ರೆಗಳೆಲ್ಲ ಸೋತ ಮೇಲೆ ಫರ್ಗಾನಾದ ಡಾಕ್ಟರ್ ಫೆರೂಜಾ ಅವಳನ್ನು ಹೊಸ ಔಷಧಿಯೊಂದರ ಪರೀಕ್ಷೆಗೆ ಸೇರಿಸಿಕೊಂಡರು. ಮೆದುಳು ತಾನೇ ತಯಾರಿಸುವ ಹಾರ್ಮೋನನ್ನು ಹೋಲುವ ಔಷಧಿ, ಮೂಗಿಗೆ ಸಿಂಪಡಿಸಿಕೊಳ್ಳಬೇಕು. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಔಷಧಿ ಶುರುವಾಗುವ ಒಂದು ತಿಂಗಳು ಮುಂಚಿನಿಂದಲೇ, ಫಿಟ್ಸ್ ಬಂದಾಗಲೆಲ್ಲ ಪುಸ್ತಕದಲ್ಲಿ ಬರೆಯಬೇಕು.

ಫಿಟ್ಸ್ ಬಂದದ್ದು ಅವಳಿಗೇ ನೆನಪಿರುತ್ತಿರಲಿಲ್ಲ; ನಾಲಿಗೆ ಕಚ್ಚಿಕೊಂಡು ಎದ್ದ ದಿನ ಬರೆದಳು. ಮಿಕ್ಕ ದಿನಗಳಲ್ಲಿ ಎಚ್ಚರವಾದಾಗ ಅತ್ತೆ ಇನೋಬತ್ ಪಕ್ಕದಲ್ಲಿ ಕೂತು, "ಏನಿಲ್ಲ ಕಣೆ, ನಿಂಗೆ ನಿದ್ದೆ ಹತ್ತಿತ್ತು" ಅನ್ನುತ್ತಿದ್ದಳು. ಸೊಸೆ ನಂಬುತ್ತಿದ್ದಳು.

ಔಷಧಿ ಶುರುವಾಗಿ ಮೂರು ತಿಂಗಳಾದ ಮೇಲೆ ಡಾಕ್ಟರ್ ಪುಸ್ತಕ ತಿರುವಿ ನಿಟ್ಟುಸಿರು ಬಿಟ್ಟರು. "ಮುಂಚೆ ತಿಂಗಳಿಗೆ ಎರಡು, ಈಗಲೂ ಎರಡು. ಉಪಯೋಗ ಆಗ್ತಿಲ್ಲಮ್ಮ. ನಿಲ್ಲಿಸೋಣ."

ಜುಲ್ಹುಮೋರಳ ಕಣ್ಣು ತುಂಬಿತು. ಅಷ್ಟರಲ್ಲಿ ಅತ್ತೆ ಚೀಲದಿಂದ ನಾಲ್ಕು ಬಟ್ಟೆಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಜರ್ದಾಳು ಹಣ್ಣಿನ ಬೀಜ. ತಿಂಗಳಿಗೊಂದು ಗಂಟು, ಫಿಟ್ಸಿಗೊಂದು ಬೀಜ. ಔಷಧಿಗೆ ಮುಂಚಿನ ಮೊದಲ ಗಂಟಿನಲ್ಲಿ ಹನ್ನೊಂದು. ಆಮೇಲೆ ಏಳು, ನಾಲ್ಕು. ಕೊನೆಯದರಲ್ಲಿ ಎರಡೇ.

"ಹನ್ನೊಂದಾ?" ಸೊಸೆ ಬೀಜಗಳನ್ನು ಮತ್ತೆ ಎಣಿಸಿದಳು. "ನಿದ್ದೆ ಅಂತಿದ್ರಲ್ಲ ಅತ್ತೆ!"

"ಹನ್ನೊಂದು ಸಲ ಬಿದ್ದೆ ಅಂದಿದ್ರೆ ನೀನು ಹಾಸಿಗೆ ಬಿಟ್ಟು ಏಳ್ತಿದ್ಯಾ?"

"ಮತ್ತೆ ಈ ಬೀಜ ಯಾಕಿಟ್ರಿ?"

"ಅಲ್ಲಾಹನ ಹತ್ರ ಜಗಳ ಆಡೋಕೆ ಬೇಕಿತ್ತು."

ಡಾಕ್ಟರಿಗೆ ಸಿಟ್ಟೂ ಬಂತು, ನಗುವೂ ಬಂತು. "ಅಜ್ಜಿ, ನಿಮ್ಮ ಪ್ರೀತಿ ನನ್ನ ಪರೀಕ್ಷೇನೇ ಕೆಡಿಸ್ತಿತ್ತು! ಬೀಜಾನ ನಾನು ದಾಖಲೆ ಅಂತ ಒಪ್ಪೋಕಾಗಲ್ಲ. ಆದ್ರೆ ಔಷಧಿ ನಿಲ್ಲಿಸಲ್ಲ. ಇವತ್ತಿಂದ ಪುಸ್ತಕ ನೀವೇ ಬರೀರಿ. ನಿಜಾನೇ ಬರೀಬೇಕು."

ಮುಂದಿನ ತಿಂಗಳು ಒಂದು ಮಧ್ಯಾಹ್ನ, ದ್ರಾಕ್ಷಿ ಚಪ್ಪರದ ಕೆಳಗೆ ಜುಲ್ಹುಮೋರ್ ಗಾಬರಿಯಿಂದ ಕಣ್ಣು ಬಿಟ್ಟಳು. ಅತ್ತೆ ಪಕ್ಕದಲ್ಲೇ ಇದ್ದಳು.

"ಬಂತಾ ಅತ್ತೆ? ಬರ್ಕೊಳ್ಳಿ."

"ಏನು ಬರೀಲಿ? ನೀನು ನಿದ್ದೆ ಮಾಡ್ದೆ."

"ಮತ್ತೆ ಸುಳ್ಳು!"

"ಅಯ್ಯೋ, ಗೊರಕೆ ಹೊಡೀತಿದ್ದೆ ಕಣೆ, ಬೀದಿಗೆಲ್ಲ ಕೇಳ್ಸೋ ಹಾಗೆ!"

ಜುಲ್ಹುಮೋರ್ ಪುಸ್ತಕ ಕಿತ್ತುಕೊಂಡು ನೋಡಿದಳು. ಇಪ್ಪತ್ತೆರಡು ದಿನ, ಇಪ್ಪತ್ತೆರಡು ಸಾಲು. ಎಲ್ಲದರ ಮುಂದೆಯೂ ಅತ್ತೆಯ ಸೊಟ್ಟ ಅಕ್ಷರದಲ್ಲಿ ಒಂದೇ ಮಾತು: ಇಲ್ಲ.