ಬಾವಿಯಲ್ಲಿ ಮೂರು ರವಿವಾರ

ಐರ್ಲೆಂಡಿನ ಆಸ್ಪತ್ರೆಯೊಂದರಿಂದ ನನಗೆ ನೇಮಕದ ಕಾಗದ ಬಂದು, ಗಂಡನಿಗೂ ಒಂಬತ್ತು ವರ್ಷದ ಮಗಳಿಗೂ ವೀಸಾ ಸಿಕ್ಕಾಗ ನಮ್ಮ ಕೈಯಲ್ಲಿ ಇನ್ನು ನಾಲ್ಕು ವಾರ ಮಾತ್ರ ಉಳಿದಿತ್ತು. ನಾನು ಸಿಂದಗಿಯಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವಳು. ಗಂಡ ಅಲ್ಲಿಯೇ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದರು. ಬಳಗದವರಿಗೆ ಹೇಳಿ ಬರುವುದು ಅಷ್ಟು ಕಷ್ಟವಾಗಲಿಲ್ಲ. ಅವರು ಉಂಡು ಹೋಗೆಂದರು, ಉಡಿ ತುಂಬಿದರು, ಫೋನ್ ಮಾಡುತ್ತಿರು ಎಂದರು. ಮೂವರು ಗೆಳತಿಯರಿಗೆ ಹೇಗೆ ಹೇಳುವುದೆಂದು ಮಾತ್ರ ನನಗೆ ತಿಳಿಯಲಿಲ್ಲ.

ವಿಜಯಪುರದ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ನಾವು ನಾಲ್ವರು ಒಂದೇ ಖೋಲಿಯಲ್ಲಿದ್ದೆವು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದೇ ಕಡಿಮೆ, ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ನಾನು ಸಿಂದಗಿ. ಉಳಿದವರು ಇಂಡಿ, ಬಾಗೇವಾಡಿ, ಮುದ್ದೇಬಿಹಾಳ. ಮುಂದೆ ಇಂಡಿ ಗಣಿತದ ಟೀಚರ್ ಆದಳು. ಬಾಗೇವಾಡಿ ತನ್ನೂರಿನಲ್ಲಿ ಟೇಲರಿಂಗ್ ಅಂಗಡಿ ತೆಗೆದಳು. ಮುದ್ದೇಬಿಹಾಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ, ಮದುವೆಯಾಗಿ ತಂಗಡಗಿಯಲ್ಲಿ ನೆಲೆಸಿದಳು. ನಲವತ್ತು ಹತ್ತಿರ ಬಂದರೂ ಫೋನಿನಲ್ಲಿ ಈಗಲೂ ನಾವು ಊರುಗಳೇ.

ನಾನು ಹೊರಟಿರುವ ಸುದ್ದಿ ಕೇಳಿ ಮುದ್ದೇಬಿಹಾಳ ಅಳಲಿಲ್ಲ, ಹಲುಬಲಿಲ್ಲ. "ನೀ ಊರೂರು ತಿರಗಬ್ಯಾಡ. ರವಿವಾರ ಎಲ್ಲಾರೂ ನಮ್ಮ ಹೊಲಕ್ಕ ಬರ್ರಿ. ಮಗಳನ್ನೂ ಕರಕೊಂಡ ಬಾ," ಎಂದಳು.

ಇಂಡಿ ನಸುಕಿನ ಬಸ್ಸಿಗೆ ಸಿಂದಗಿಗೆ ಬಂದಳು. ಬುರ್ಖಾದೊಳಗೆ ಎದೆಗೆ ಅವುಚಿಕೊಂಡಿದ್ದ ಡಬ್ಬಿಯಲ್ಲಿ ಅವರ ಮನೆಯ ನಿಂಬೆಕಾಯಿ ಉಪ್ಪಿನಕಾಯಿ ಇತ್ತು. ಅಲ್ಲಿಂದ ನಾವಿಬ್ಬರೂ ನನ್ನ ಮಗಳೂ ಬಸ್ಸು ಬದಲಿಸುತ್ತ ತಂಗಡಗಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಬಾಗೇವಾಡಿ ನಮಗಿಂತ ಮೊದಲೇ ಬಂದು ಹೊಲದ ಬಾವಿಯ ಪಾವಟಿಗೆಯ ಮೇಲೆ ಕುಳಿತಿದ್ದಳು. ಬಾವಿಯ ತುಂಬ ಹುಡುಗಿಯರ ಕೂಗಾಟ.

ಅದು ಕಲ್ಲು ಕಟ್ಟಿದ ಚೌಕದ ಬಾವಿ. ಒಂದು ಬದಿಗೆ ನೀರಿನವರೆಗೂ ಇಳಿಯುವ ಪಾವಟಿಗೆಗಳು. ಹದಿನಾಲ್ಕು ಹುಡುಗಿಯರಲ್ಲಿ ಕೆಲವರು ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಕಾಲು ಬಡಿಯುತ್ತಿದ್ದರು, ಕೆಲವರು ಕ್ಯಾನಿಲ್ಲದೆ ಸಲೀಸಾಗಿ ಈಜುತ್ತಿದ್ದರು. ನಡುವೆ ಕೊರಳಿಗೆ ಸೀಟಿ ಹಾಕಿಕೊಂಡ ನನ್ನ ಗೆಳತಿ. ದೂರದ ಬೇವಿನ ಗಿಡದ ಕೆಳಗೆ ಅವಳ ಮಾವ ಬಾವಿಗೆ ಬೆನ್ನು ಮಾಡಿ ಕುಳಿತಿದ್ದರು. ಗಂಡಸರು ಯಾರಾದರೂ ಆ ಕಡೆ ಹೆಜ್ಜೆ ಹಾಕಿದರೆ ಕೈಯಲ್ಲಿಯ ಬಡಿಗೆ ಎತ್ತಿ, "ಆ ಕಡಿಂದ ಹೋಗ್ರಿ, ಇಲ್ಲಿ ಸಾಲಿ ನಡದೈತಿ," ಎನ್ನುತ್ತಿದ್ದರು.

ಅದಕ್ಕೂ ನಾಲ್ಕು ವರ್ಷದ ಹಿಂದೆ ಅವಳ ಶಾಲೆಯ ಇಬ್ಬರು ಹುಡುಗಿಯರು ಕಲ್ಲಿನ ಖಣಿಯಲ್ಲಿ ನಿಂತ ನೀರಿಗೆ ಅರಿವೆ ಒಗೆಯಲು ಹೋಗಿ ತಿರುಗಿ ಬರಲಿಲ್ಲ. ಅದಾದ ಮೇಲೆ ಅವಳು ರವಿವಾರದ ಈಜು ಶುರುಮಾಡಿದ್ದಳು ಎಂಬುದು ನನಗೆ ಗೊತ್ತಿತ್ತು. ಕಣ್ಣಾರೆ ಕಂಡದ್ದು ಅಂದೇ. ಹೊಳೆ ಹತ್ತಿರದಲ್ಲಿಯೇ ಇತ್ತು, ಆದರೆ ಅದರಲ್ಲಿ ಮೊಸಳೆ. ಅದಕ್ಕೆ ಬಾವಿ.

"ಮಮ್ಮೀ, ನಾನೂ ಇಳೀಲೇನ?" ಎಂದಳು ಮಗಳು.

"ಬ್ಯಾಡ," ಎಂದೆ. ಯೋಚಿಸಿ ಆಡಿದ ಮಾತಲ್ಲ ಅದು. ನನ್ನ ಅವ್ವನ ತಂಗಿ ಬಾವಿಗೆ ಬಿದ್ದು ಸತ್ತಿದ್ದಳು. ಅಂದಿನಿಂದ ಅವ್ವ ನಮ್ಮನ್ನು ಬಾವಿಯ ಹತ್ತಿರಕ್ಕೂ ಬಿಟ್ಟವಳಲ್ಲ. ಆಸ್ಪತ್ರೆಯಲ್ಲಿ ನಾನು ನೋಡದ ರಕ್ತವಿಲ್ಲ, ಆದರೆ ಬಾವಿಯೊಳಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ.

ಮುದ್ದೇಬಿಹಾಳ ಮೇಲೆ ಬಂದಳು. ಸೆರಗಿನ ನೀರು ಹಿಂಡುತ್ತ ಕೇಳಿದಳು. "ನೀವು ಹೊಂಟಿರೋ ಊರಿಗೆ ಸಮುದ್ರ ಎಷ್ಟು ದೂರ ಐತಿ?"

"ನಡಕೊಂಡ ಹೋಗೂವಷ್ಟ ದೂರ ಅಂತಾರ."

"ಹಂಗಾರ ನಿನ್ನ ಮಗಳು ಒಂದಲ್ಲಾ ಒಂದಿನ ಅದರಾಗ ಇಳದ ಇಳೀತಾಳ. ಆವಾಗ ನೀ ದಂಡ್ಯಾಗ ನಿಂತು ಚೀರಾಕಿ ಏನ?"

ಮಗಳು ಆಗಲೇ ಚಪ್ಪಲಿ ಬಿಟ್ಟಿದ್ದಳು. ಅರ್ಧ ತಾಸಿನಲ್ಲಿ ಅವಳು ಬೆನ್ನಿಗೆ ಕ್ಯಾನು ಕಟ್ಟಿಕೊಂಡು, "ಮೌಶಿ, ಕೈ ಬಿಡ್ರಿ! ಬಿಡ್ರಿ!" ಎಂದು ನನ್ನ ಗೆಳತಿಯನ್ನೇ ಗದರಿಸುತ್ತಿದ್ದಳು. ನಾನು ಪಾದ ಮುಳುಗುವ ಪಾವಟಿಗೆಯವರೆಗೆ ಇಳಿದೆ. ಇಂಡಿ ಮೇಲಿನ ಪಾವಟಿಗೆಯಲ್ಲಿ ಕುಳಿತು, ಯಾರೂ ಹೇಳದಿದ್ದರೂ, ನೀರಿನಲ್ಲಿದ್ದ ತಲೆಗಳನ್ನು ಎಣಿಸುವ ಕೆಲಸ ಹಿಡಿದಿದ್ದಳು. ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ. ಒಂದು ತಲೆ ಮುಳುಗಿದರೂ, "ಯಾ ಅಲ್ಲಾ, ಆ ಹಸರ ಅಂಗಿ ಎಲ್ಲಿ?" ಎಂದು ಎದ್ದು ನಿಲ್ಲುತ್ತಿದ್ದಳು.

ಹೊರಡುವಾಗ ಮುದ್ದೇಬಿಹಾಳ ಬೀಳ್ಕೊಡುವ ಮಾತೇ ಆಡಲಿಲ್ಲ. "ಇನ್ನ ಎರಡು ರವಿವಾರ ಅದಾವ. ಬರ್ತಿ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಎರಡನೆಯ ರವಿವಾರ ಬಾಗೇವಾಡಿ ನನಗೂ ಮಗಳಿಗೂ ಈಜುವ ಅರಿವೆ ಹೊಲಿದು ತಂದಿದ್ದಳು. ಮೊಣಕಾಲ ಕೆಳಗೆ ಬಿಗಿಯಾಗುವ ಪಾಯಿಜಾಮ, ಗಿಡ್ಡ ಅಂಗಿ. ಹತ್ತಿಯ ಬಟ್ಟೆ ನೀರು ಕುಡಿದು ಭಾರವಾಗುತ್ತದೆಂದು ತೆಳು ಪಾಲಿಸ್ಟರ್ ಆರಿಸಿದ್ದಳು. ಆ ಹದಿನಾಲ್ಕು ಹುಡುಗಿಯರ ಅರಿವೆಯೂ ಅವಳೇ ಹೊಲಿದದ್ದಂತೆ. ಅದನ್ನು ಅವಳು ಎಂದೂ ಹೇಳಿಕೊಂಡಿರಲಿಲ್ಲ. ನನ್ನ ಅಳತೆ ಯಾವಾಗ ತೆಗೆದುಕೊಂಡಳೋ. ಕೇಳಿದರೆ, "ಇಪ್ಪತ್ತು ವರ್ಷದಿಂದ ನಿನ್ನ ನೋಡಾಕತ್ತೇನಿ," ಎಂದಳು.

ಅಂದು ಇಳಿದೆ. ಬೆನ್ನಿಗೆ ಕ್ಯಾನು ಇದ್ದರೂ ಕಾಲ ಕೆಳಗೆ ಕಲ್ಲು ತಪ್ಪಿದೊಡನೆ ನನಗೆ ಬುದ್ಧಿ ಉಳಿಯಲಿಲ್ಲ. ಮುದ್ದೇಬಿಹಾಳದ ಕೊರಳಿಗೆ ಜೋತುಬಿದ್ದೆ. ಅವಳನ್ನೂ ಎಳೆದುಕೊಂಡು ಮುಳುಗಿದೆ. ಕಿವಿಯ ತುಂಬ ನೀರು, ಬಾಯಿಯ ತುಂಬ ನೀರು. ಅವಳು ಹೇಗೋ ನನ್ನ ಬೆರಳು ಬಿಡಿಸಿ, ಹಿಂದಿನಿಂದ ರಟ್ಟೆ ಹಿಡಿದು ಪಾವಟಿಗೆಗೆ ತಂದಳು. ನೋಡಿದರೆ ಅವಳ ಕೊರಳಿನ ಮೇಲೆ ನನ್ನ ಉಗುರಿನ ಗೆರೆಗಳು, ಅವುಗಳಿಂದ ರಕ್ತ.

"ನನಗ ಆಗಂಗಿಲ್ಲ. ನಿನ್ನನ್ನ ಮುಳುಗಸ್ತಿದ್ದೆ ನಾ," ಎಂದು ಅಳತೊಡಗಿದೆ.

ಅವಳು ಗಾಯವನ್ನು ನೋಡಿಕೊಳ್ಳಲೂ ಇಲ್ಲ. "ದವಾಖಾನ್ಯಾಗ ಸೂಜಿಗೆ ಅಂಜಿ ಚೀರಾವರಿಗೆ ನೀ ಏನ ಹೇಳ್ತಿ?"

"ಮೈ ಸಡಲ ಬಿಡ್ರಿ, ಉಸರ ಬಿಡ್ರಿ ಅಂತೇನಿ."

"ಹಾಂ. ಅದನ್ನ ಮಾಡು. ನಾ ಇಲ್ಲೇ ಅದೇನಿ."

ಹುಡುಗಿಯರೆಲ್ಲ ಈಜು ನಿಲ್ಲಿಸಿ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಆದರೆ ಯಾರ ಮುಖದಲ್ಲೂ ನಗೆ ಇರಲಿಲ್ಲ. ಅಂಜಿದವರನ್ನು ನೋಡಿ ನಗಬಾರದೆಂಬುದು ಆ ಬಾವಿಯ ಮೊದಲ ನಿಯಮ ಎಂದು ಆಮೇಲೆ ತಿಳಿಯಿತು. ಮತ್ತೆ ಇಳಿದೆ. ಸಂಜೆಯವರೆಗೆ ನಾನು ಕಲಿತದ್ದು ಅವಳ ಅಂಗೈ ಮೇಲೆ ಬೆನ್ನು ಇಟ್ಟು ಆಕಾಶ ನೋಡುತ್ತ ಮಲಗುವುದು, ಅಷ್ಟೇ.

ಮೂರನೆಯ ರವಿವಾರ ಗಂಡನೂ ಬಂದರು. ಗೆಳತಿಯ ಮಾವನ ಪಕ್ಕದಲ್ಲಿ ಅವರಂತೆಯೇ ಬಾವಿಗೆ ಬೆನ್ನು ಮಾಡಿ ಕುಳಿತು, ತಿರುಗಿ ನೋಡಲಾಗದೆ ಚಡಪಡಿಸಿದರು. ನಾನು ಒಂದು ತಾಸು ಕ್ಯಾನು ಕಟ್ಟಿಕೊಂಡು ಕೈಕಾಲು ಬಡಿದೆ. ಆಮೇಲೆ ಮುದ್ದೇಬಿಹಾಳ ಹಗ್ಗ ಬಿಚ್ಚಿ ಕ್ಯಾನನ್ನು ದಂಡೆಗೆ ಎಸೆದಳು. ಒಂದು ಗೋಡೆಯಿಂದ ಎದುರಿನ ಗೋಡೆಗೆ ಎಷ್ಟು ದೂರ? ಹತ್ತು ಮಾರೂ ಇರಲಿಕ್ಕಿಲ್ಲ. ನಾಯಿಯಂತೆ ಕೈ ಬಡಿಯುತ್ತ, ನೀರು ನುಂಗುತ್ತ, ಉಗುಳುತ್ತ ಹೋದೆ. ಗೆಳತಿ ಪಕ್ಕದಲ್ಲಿಯೇ ಇದ್ದಳು, ಆದರೆ ಮುಟ್ಟಲಿಲ್ಲ. ಎದುರಿನ ಕಲ್ಲು ಕೈಗೆ ಸಿಕ್ಕಾಗ ಹುಡುಗಿಯರು ಹೋ ಎಂದು ಕೂಗಿದರು. ಇಂಡಿ ಮೇಲಿನಿಂದ, "ಹದಿನೇಳು! ಎಲ್ಲಾರೂ ಅದಾರ!" ಎಂದು ಕೂಗಿ ಅತ್ತುಬಿಟ್ಟಳು. ಬೇವಿನ ಗಿಡದ ಕಡೆಯಿಂದ ನನ್ನ ಗಂಡ, "ಏನಾತು? ಯಾರರ ಹೇಳ್ರಿ!" ಎಂದು ಒದರುತ್ತಿದ್ದರು.

ಮಧ್ಯಾಹ್ನ ಗಿಡದ ನೆರಳಲ್ಲಿ ಸಜ್ಜೆ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಉಂಡೆವು. ಈಜು ಶುರುವಾದ ಮೊದಲ ವರ್ಷ ಜನ ಏನೇನೋ ಅಂದಿದ್ದರು. ದೊಡ್ಡ ಹುಡುಗಿಯರನ್ನು ನೀರಿಗಿಳಿಸುತ್ತಾಳೆ, ನಾಚಿಕೆ ಬಿಟ್ಟವಳು ಎಂದು ಮನೆಯವರೆಗೂ ಬಂದಿದ್ದರು. ಆರು ತಿಂಗಳು ಇಬ್ಬರೇ ಹುಡುಗಿಯರು ಬರುತ್ತಿದ್ದರು. ಅದನ್ನೆಲ್ಲ ಹೇಗೆ ತಡೆದುಕೊಂಡೆ ಎಂದು ಮುದ್ದೇಬಿಹಾಳವನ್ನು ಕೇಳಿದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಸತ್ತ ಹುಡುಗ್ಯಾರು ಇಬ್ಬರೂ ನನ್ನ ಖೊಖೊ ಟೀಮಿನವರು. ಜಿಲ್ಲಾ ಮಟ್ಟಕ್ಕ ಹೋಗಿದ್ರು. ನಾ ಅವರಿಗೆ ಓಡಾಕ ಕಲಿಸಿದ್ದೆ, ಈಸಾಕ ಕಲಿಸಿರಲಿಲ್ಲ. ಜನರ ಮಾತು ಅದಕ್ಕಿಂತ ಭಾರ ಇರಲಿಲ್ಲ ನನಗ."

ಇಂಡಿ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಇಪ್ಪತ್ತು ವರ್ಷದ ಗೆಳೆತನದಲ್ಲಿ ನಾನು ಅವಳನ್ನು ಗಟ್ಟಿಗಿತ್ತಿ ಎಂದು ಎಷ್ಟೋ ಸಲ ಕರೆದಿದ್ದೆ. ಆ ಗಟ್ಟಿತನ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ.

ನಾವು ಹೊರಟ ದಿನವೂ ರವಿವಾರವೇ ಆಯಿತು. ಹೈದರಾಬಾದಿಗೆ ಒಯ್ಯುವ ಕಾರು ಮನೆ ಮುಂದೆ ನಿಂತಾಗ ಇಂಡಿ, ಬಾಗೇವಾಡಿ ಇಬ್ಬರೂ ಸಿಂದಗಿಗೆ ಬಂದಿದ್ದರು. ಇಂಡಿ ನಮ್ಮ ಚೀಲಗಳನ್ನು ಎಣಿಸಿದಳು, ಬಾಗೇವಾಡಿ ಒಂದರ ಕಿತ್ತುಹೋದ ಹಿಡಿಕೆಯನ್ನು ನಿಂತಲ್ಲಿಯೇ ಹೊಲಿದಳು. ಮುದ್ದೇಬಿಹಾಳ ಬರಲಿಲ್ಲ. ಕಾರು ಹತ್ತುವ ಮೊದಲು ಫೋನ್ ಮಾಡಿದೆ.

"ಸಿಟ್ಟ ಆಗಬ್ಯಾಡ. ಇವತ್ತ ಮೂರು ಮಂದಿ ಹೊಸಬರು ಬಂದಾರ. ಇವರನ್ನ ಬಿಟ್ಟು ಬರಾಕ ಆಗಂಗಿಲ್ಲ," ಎಂದಳು. ಹಿಂದೆ ನೀರು ಚಿಮ್ಮುವ ಸಪ್ಪಳ. ಅವಳ ದನಿ ಒಡೆದಿತ್ತು. ಅವಳು ಅತ್ತದ್ದು ನಾನು ಕೇಳಿದ್ದು ಅದೊಂದೇ ಸಲ. ನನಗೆ ಸಿಟ್ಟು ಬರಲಿಲ್ಲ. ಅವಳು ಆ ಹೊಸಬರನ್ನು ಬಿಟ್ಟು ಬಂದಿದ್ದರೆ ನನಗೇ ಕಸಿವಿಸಿಯಾಗುತ್ತಿತ್ತು.

ನಾವು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಬೇಸಿಗೆಯಲ್ಲಿ ಮಗಳು ಸಮುದ್ರಕ್ಕೆ ಇಳಿಯುತ್ತಾಳೆ. ಮೈ ಕೊರೆಯುವ ತಣ್ಣೀರು. ನಾನೂ ಹಲ್ಲು ಕಡಿಯುತ್ತ ಎದೆಮಟ್ಟದವರೆಗೆ ಅವಳ ಜೊತೆ ಹೋಗುತ್ತೇನೆ. ಹೋದ ತಿಂಗಳು ಮುದ್ದೇಬಿಹಾಳ ಒಂದು ಸುದ್ದಿ ಹೇಳಿದಳು. ಅವಳ ಮೊದಲ ವರ್ಷದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮದುವೆಯಾಗಿ ಮುಳವಾಡಕ್ಕೆ ಹೋಗಿದ್ದಾಳೆ. ಅಲ್ಲಿ ಅತ್ತೆಯನ್ನು ಒಪ್ಪಿಸಿ, ಅವರ ಬಾವಿಯಲ್ಲಿ ಓಣಿಯ ಹುಡುಗಿಯರಿಗೆ ಈಜು ಕಲಿಸುತ್ತಿದ್ದಾಳೆ. ಮುದ್ದೇಬಿಹಾಳ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ನೋಡಿ ಬರುತ್ತಾಳಂತೆ.

"ಹೆಂಗ ಕಲಿಸ್ತಾಳ?" ಎಂದು ಕೇಳಿದೆ.

"ನನಗಿಂತ ಚಂದ," ಎಂದಳು. ಅದನ್ನು ಹೇಳುವಾಗ ಅವಳಿಗಿದ್ದ ಹಿಗ್ಗು ಅಷ್ಟು ದೂರದಿಂದಲೂ ನನಗೆ ಕೇಳಿಸಿತು.