ನಾಯಿಗಳಿಗೆ ಕನ್ನಡ ಹೇಳಿದ ಚೆನ್ನಕ್ಕ ದೊಡ್ಡಮ್ಮ

ನಮ್ಮ ಚೆನ್ನಕ್ಕ ದೊಡ್ಡಮ್ಮ ಮನುಷ್ಯರ ಹತ್ತಿರ ತುಳು ಮಾತಾಡುತ್ತಿದ್ದಳು, ನಾಯಿಗಳ ಹತ್ತಿರ ಕನ್ನಡ. ಅದೂ ಎಂಥ ಕನ್ನಡ! ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಕನ್ನಡ ಬಂದದ್ದು ಯಕ್ಷಗಾನದ ಆಟಗಳಿಂದ. ಪಡೀಲಿನ ಗುಡ್ಡದಲ್ಲಿ ಬೆಳ್ಳಂಬೆಳಗ್ಗೆ "ಎಲವೋ ಬೊಳ್ಳು, ತಿರುಗಿಸು!" ಎಂಬ ಗರ್ಜನೆ ಕೇಳಿದರೆ, ಯಾರೋ ರಾಕ್ಷಸ ವೇಷದವನು ಬಣ್ಣ ಹಚ್ಚುವ ಚೌಕಿಯಿಂದ ದಾರಿ ತಪ್ಪಿ ಬಂದಿದ್ದಾನೆ ಅಂತ ಹೊಸಬರು ನಿಂತು ನೋಡುತ್ತಿದ್ದರು. ನೋಡಿದರೆ ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ, ಬಡಕಲು ಮೈಯ ಒಬ್ಬ ಹೆಂಗಸು. ಅವಳ ಮುಂದೆ ದನಗಳ ಹಿಂಡು, ಹಿಂಡಿನ ಆಚೆ ಒಂದು ಈಚೆ ಒಂದು ಊರ ನಾಯಿ.

ಕಪ್ಪಗಿದ್ದದ್ದು ಕಾಳಿ, ತಾಯಿ. ಬೆಳ್ಳಗಿದ್ದದ್ದು ಬೊಳ್ಳು, ಅವಳ ಮಗ. ಮರಿಯಾಗಿದ್ದಾಗ ನರಿ ಕಚ್ಚಿ ಅವನ ಎಡಗಿವಿ ಹರಿದುಹೋಗಿತ್ತು. ಈ ಎರಡಕ್ಕೂ ಕೆಲಸದ ಮಾತು ಗೊತ್ತಿದ್ದದ್ದು ಮೂರೇ: ನಡೆಸು, ತಿರುಗಿಸು, ತಡೆ. ಮೂರೂ ಕನ್ನಡ. ಯಾಕೆ ಹೀಗೆ ಅಂತ ಕೇಳಿದವರಿಗೆ ದೊಡ್ಡಮ್ಮನ ಉತ್ತರ ಸಿದ್ಧವಾಗಿತ್ತು. "ತುಳು ನಮ್ಮ ಬಾಯಲ್ಲಿ ಇಡೀ ದಿನ ಇರ್ತದೆ ಮಾರಾಯ. ಆಚೆಮನೆಯವಳು ಮಕ್ಕಳಿಗೆ ಬೈದದ್ದನ್ನೂ ನಾಯಿ ತನಗೇ ಅಂತ ತಿಳ್ಕೊಂಡ್ರೆ ಎಂತ ಮಾಡುದು? ಕೆಲಸದ ಮಾತು ಬೇರೆಯೇ ಇರ್ಬೇಕು."

ತುಳುವಿನ ಒಂದೇ ಮಾತು ಅವಕ್ಕೆ ಇತ್ತು, ಅದು ಕೆಲಸ ಮುಗಿದ ಮೇಲಿನದು. ದನಗಳು ಹಟ್ಟಿ ಸೇರಿದ ಮೇಲೆ ದೊಡ್ಡಮ್ಮ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ರಾಕ್ಷಸ ಸ್ವರವನ್ನೆಲ್ಲ ಬಿಟ್ಟು, ಮೆಲ್ಲಗೆ "ಬಲ ಮಗಾ, ಬೇಲೆ ಮುಗಿಂಡ್" ಅನ್ನುತ್ತಿದ್ದಳು. ಬಾ ಮಗಾ, ಕೆಲಸ ಮುಗಿಯಿತು. ನಾಯಿಗಳು ಓಡಿಬಂದು ಅವಳ ಮಡಿಲಿಗೆ ಮೂತಿ ಹಾಕುತ್ತಿದ್ದವು. ಆಮೇಲೆ ಗಂಜಿ, ಅದರಲ್ಲಿ ಒಣಮೀನಿನ ತಲೆ. ಈ ಮಾತನ್ನು ಮನೆಯ ಬೇರೆ ಯಾರೂ ನಾಯಿಗಳಿಗೆ ಹೇಳುವಂತಿರಲಿಲ್ಲ. ಒಮ್ಮೆ ನಾನು ತಮಾಷೆಗೆ ಅಂದಾಗ ಸೌದೆ ಕೊಳ್ಳಿ ಹಿಡಿದುಕೊಂಡೇ ಹೊರಗೆ ಬಂದಿದ್ದಳು. "ಕೆಲಸ ಹೇಳ್ಲಿಕ್ಕೆ ಎಷ್ಟು ಜನ ಬೇಕಾದ್ರೂ ಇರ್ಲಿ. ಬಿಡಿಸುವವರು ಒಬ್ಬರೇ ಇರ್ಬೇಕು. ಇಲ್ಲದಿದ್ರೆ ನಾಯಿ ಯಾರನ್ನು ನಂಬುದು?"

ನಮ್ಮದು ಅಳಿಯಸಂತಾನದ ಮನೆ. ನನಗೆ ಮದುವೆಯಾಗಿದ್ದರೂ ರೂಢಿಯಂತೆ ತಾಯಿಮನೆಯಲ್ಲೇ ಇದ್ದೆ. ಗಂಡ ಬಂದು ಹೋಗುತ್ತಿದ್ದರು. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನೂ ಮಗಾ ಅನ್ನುತ್ತಿದ್ದಳು, ಬೊಳ್ಳುವನ್ನೂ ಮಗಾ ಅನ್ನುತ್ತಿದ್ದಳು. ಕರೆದಾಗ ನಾವಿಬ್ಬರೂ ತಿರುಗಿದರೆ, ಅವಳು ಬೇಕೆಂದೇ ಯಾರನ್ನು ಕರೆದದ್ದು ಅಂತ ಹೇಳುತ್ತಿರಲಿಲ್ಲ. ಮನೆಯ ಯಜಮಾನಿಕೆ ತಿಮ್ಮಪ್ಪ ಮಾವನದು. ಅವರು ದೊಡ್ಡಮ್ಮನ ತಮ್ಮ. ಪೇಟೆಯ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ ಅವರಿಗೆ ಈ ದನಗಳ ಸಹವಾಸವೇ ಬೇಡವಾಗಿತ್ತು.

ಅದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲ. ದೀಪಾವಳಿ ಕಳೆದು ಗುಡ್ಡದ ಹುಲ್ಲು ಒಣಗುತ್ತ ಬಂದಂತೆ ನಾವು ದನಗಳನ್ನು ನೇತ್ರಾವತಿಯ ನಡುವಿನ ಒಂದು ಕುದ್ರುವಿಗೆ ಈಜಿಸಿಕೊಂಡು ಹೋಗುತ್ತಿದ್ದೆವು. ಸುತ್ತ ನೀರು, ನಡುವೆ ಹಸಿರು ಹುಲ್ಲು, ಒಂದು ಸಿಹಿನೀರಿನ ಬಾವಿ. ಚಳಿಗಾಲ ಮುಗಿಯುವವರೆಗೆ ದೊಡ್ಡಮ್ಮನೂ ನಾನೂ ಅಲ್ಲೇ ತೆಂಗಿನ ಮಡಲಿನ ಗುಡಿಸಲಲ್ಲಿ. ಹಾಲನ್ನು ಅದ್ರಾಮ ಕಾಕ ತಮ್ಮ ದೋಣಿಯಲ್ಲಿ ಜೆಪ್ಪುವಿಗೆ ಒಯ್ಯುತ್ತಿದ್ದರು. ಮಂಗಳೂರಿನಲ್ಲಿ ಎಂಥ ಚಳಿ ಅಂತ ಘಟ್ಟದ ಮೇಲಿನವರು ನಗುತ್ತಾರೆ. ಅವರು ಮಕರ ತಿಂಗಳಲ್ಲಿ ಕುದ್ರುವಿನ ಮೇಲೆ ಬೆಳಗಾಗುವುದನ್ನು ನೋಡಿಲ್ಲ. ಹೊಳೆಯ ಮಂಜು ಗುಡಿಸಲೊಳಗೆ ನುಗ್ಗಿ ಕಂಬಳಿಯನ್ನು ಒದ್ದೆ ಮಾಡುತ್ತಿತ್ತು. ಹಾಲು ಕರೆಯುವ ಮೊದಲು ಕೈಯನ್ನು ಬೆಂಕಿಗೆ ಹಿಡಿಯದಿದ್ದರೆ ಹಸು ಒದೆಯುತ್ತಿತ್ತು. ಎಳೆಗರುಗಳ ಬೆನ್ನಿಗೆ ಗೋಣಿ ಹೊದಿಸಿ, ಪಕ್ಕದಲ್ಲಿ ಕಾಳಿಯನ್ನು ಮಲಗಿಸುತ್ತಿದ್ದೆವು. ಬೊಳ್ಳು ಮಾತ್ರ ಮಲಗುವವನಲ್ಲ, ನೀರಿನಂಚಿನಲ್ಲಿ ಸುತ್ತು ಹಾಕುತ್ತಲೇ ಇರುತ್ತಿದ್ದ.

ಆ ವರ್ಷ ಹೊರಡುವಾಗಲೇ ಮಾವ ಅಂಗಳದಲ್ಲಿ ನಿಂತು ಹೇಳಿದ್ದರು. "ಅಕ್ಕ, ಹೋದ ವರ್ಷ ಒಂದು ಎಳೆ ಗಡಸು ಹಸು ನೀರುಪಾಲಾಯಿತು. ಈ ವರ್ಷ ಒಂದು ಬಾಲ ಕಡಿಮೆಯಾದ್ರೂ ಸರಿ, ಹಿಂಡನ್ನೇ ಮಾರ್ತೇನೆ. ನೀನು ಮನೆಯಲ್ಲಿ ರಾಮಾ ಕೃಷ್ಣಾ ಅಂತ ಕೂತ್ಕೋ."

"ರಾಮನಿಗೂ ಕೃಷ್ಣನಿಗೂ ನನ್ನಿಂದ ಎಂತ ಆಗ್ಬೇಕಾದ್ದುಂಟು?" ಅಂದಳು ದೊಡ್ಡಮ್ಮ. ನಗಲಿಲ್ಲ. ಮಾವ ಹೇಳಿದ್ದನ್ನು ಮಾಡುವವರೆಂದು ಅವಳಿಗೆ ಗೊತ್ತಿತ್ತು.

ಮಾಘದ ಒಂದು ಬೆಳಗ್ಗೆ ಅದ್ರಾಮ ಕಾಕ ಹಾಲಿಗೆ ಬಂದವರು ದೋಣಿಯಿಂದ ಇಳಿಯುವ ಮೊದಲೇ ಕೂಗಿದರು. "ಚೆನ್ನಕ್ಕ, ಕುದ್ರುವಿನ ಆ ತುದಿಗೆ ಯಾರೋ ದನ ಹತ್ತಿಸಿದ್ದಾರೆ. ಬಾಯಲ್ಲಿ ನೊರೆ, ಕಾಲು ಕುಂಟ್ತಾ ಉಂಟು."

ಕಾಲುಬಾಯಿ ಜ್ವರ. ದೊಡ್ಡಮ್ಮ ಬಾವಿಯ ಕಡೆ ನೋಡಿದಳು. ಕುದ್ರುವಿಗೆ ಇದ್ದದ್ದು ಅದೊಂದೇ ಬಾವಿ, ನೀರು ಕುಡಿಯಲು ಇದ್ದದ್ದು ಅದೊಂದೇ ತೊಟ್ಟಿ. ಬಿಸಿಲು ಏರಿದರೆ ಆ ದನಗಳು ಬಾವಿಯ ಹತ್ತಿರ ಬಂದೇ ಬರುತ್ತವೆ.

"ಈಗಲೇ ದಾಟಿಸುವ" ಅಂದಳು.

"ಈಗ ಎಂಥದ್ದು? ಸಮುದ್ರದ ಇಳಿತಕ್ಕೆ ನೀರು ಇಳೀತಾ ಉಂಟು. ಸೆಳೆತ ಅಳಿವೆಯ ಕಡೆಗೆ. ನೀರು ನಿಲ್ಲುವವರೆಗೆ ಕಾಯಿರಿ."

"ನೀರು ನಿಲ್ತದೆ ಕಾಕ. ರೋಗ ನಿಲ್ಲುದಿಲ್ಲ."

ನಮ್ಮ ದಾಟಿಸುವ ಕ್ರಮ ಹೀಗಿತ್ತು. ಹಿಂಡಿನ ಮುಂದಾಳು ಕಪಿಲೆ ಎಂಬ ಹಸು. ಅವಳ ಕರುವನ್ನು ಎತ್ತಿ ದೋಣಿಯಲ್ಲಿ ಮುಂದೆ ಒಯ್ಯುವುದು. ಕರುವನ್ನು ನೋಡುತ್ತ ಕಪಿಲೆ ನೀರಿಗಿಳಿಯುತ್ತಾಳೆ, ಕಪಿಲೆಯನ್ನು ನೋಡುತ್ತ ಉಳಿದವು. ಹೊಳೆಯ ಮೇಲ್ಬದಿಗೆ ಕಾಳಿ ಈಜುತ್ತಾಳೆ. ಕೆಳಬದಿಗೆ, ಅಂದರೆ ಸಮುದ್ರದ ಬದಿಗೆ, ಬೊಳ್ಳು. ಸೆಳೆತಕ್ಕೆ ಸಿಕ್ಕಿ ಕೆಳಗೆ ತಿರುಗುವ ದನದ ಮೂತಿಗೆ ಅಡ್ಡ ಹೋಗಿ ಬೊಗಳಿ ಮೇಲಕ್ಕೆ ತಿರುಗಿಸುವುದು ಅವನ ಕೆಲಸ.

ಅವತ್ತು ದಟ್ಟ ಮಂಜು. ಕಾಕ ಬಿದಿರು ಊರಿ ದೋಣಿ ತಳ್ಳುತ್ತಿದ್ದರು, ದೊಡ್ಡಮ್ಮ ಕರುವನ್ನು ತಬ್ಬಿಕೊಂಡು ಹಿಂದಕ್ಕೆ ಮುಖಮಾಡಿ ನಿಂತಿದ್ದಳು, ನಾನು ಅವಳ ಸೊಂಟ ಹಿಡಿದು ಕೂತಿದ್ದೆ. ನೀರಿನ ಮೇಲೆ ಬರೀ ಕೊಂಬುಗಳು ಮತ್ತು ಉಸಿರಿನ ಸದ್ದು. "ತಿರುಗಿಸು! ಎಲವೋ ಬೊಳ್ಳು, ತಿರುಗಿಸು!" ಅರ್ಧ ಹೊಳೆ ದಾಟಿದ್ದೆವು. ಆಗ ಮೇಲ್ಗಡೆಯ ಮಂಜಿನಿಂದ ಮರದ ದಿಮ್ಮಿಯೊಂದು ಹೊರಬಂತು. ಘಟ್ಟದ ಮರವನ್ನು ಹೊಳೆಯಲ್ಲಿ ತೇಲಿಸಿ ಪೇಟೆಗೆ ತರುತ್ತಿದ್ದ ಕಾಲ ಅದು; ಯಾವುದೋ ತೆಪ್ಪದಿಂದ ಕಳಚಿಕೊಂಡದ್ದಿರಬೇಕು. ನಡುಹೊಳೆಯ ರಭಸದಲ್ಲಿ ಅದು ನಮ್ಮ ದೋಣಿಗೂ ಹಿಂಡಿಗೂ ನಡುವೆ ನುಗ್ಗಿ ನೇರ ಬೊಳ್ಳುವಿನ ಕಡೆ ಹೊರಟಿತು. ಅವನ ಕಣ್ಣು ಪೂರ್ತಿ ದನಗಳ ಮೇಲೆ.

ದೊಡ್ಡಮ್ಮ ಕಿರುಚಿದಳು. ಇಪ್ಪತ್ತು ವರ್ಷ ಯಾವ ಮಾತನ್ನು ಎಲ್ಲಿ ಆಡಬೇಕೆಂಬುದರಲ್ಲಿ ತಪ್ಪದವಳು, ಹೆದರಿಕೆಯಲ್ಲಿ ತಾಯಿಭಾಷೆಗೆ ಬಿದ್ದಳು. "ಬಲ ಬೊಳ್ಳೂ! ಬಲ ಮಗಾ, ಬಲ!"

ಕೆಲಸ ಮುಗಿಯಿತು ಅಂತಲೇ ಅವನು ತಿಳಿದ. ಹಿಂಡನ್ನು ಬಿಟ್ಟು ನಮ್ಮ ಕಡೆ ತಿರುಗಿದ. ದಿಮ್ಮಿ ಅವನ ಬಾಲದ ಹಿಂದೆಯೇ ಹಾದುಹೋಯಿತು. ಅವನು ಉಳಿದ, ಆದರೆ ಕೆಳಬದಿ ಬಯಲಾಯಿತು. ಕರು ಕಾಣದೆ ಗಾಬರಿಯಾಗಿದ್ದ ಕಪಿಲೆ ಸೆಳೆತದ ಜೊತೆಗೇ ಹೊರಳಿದಳು, ಅವಳ ಹಿಂದೆ ಹಿಂಡಿಗೆ ಹಿಂಡೇ ಹೊರಳತೊಡಗಿತು.

ಬೊಳ್ಳು ದೋಣಿಯ ಅಂಚಿಗೆ ಬಂದು ಮುಂಗಾಲು ಎತ್ತಿದ್ದ. ನಾನು ಅವನ ಕುತ್ತಿಗೆಗೆ ಕೈ ಹಾಕಿದೆ. "ಬಿಡು" ಅಂದಳು ದೊಡ್ಡಮ್ಮ. ಅವನು ಸುಸ್ತಾಗಿದ್ದ, ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಮತ್ತೆ ಬಂದದ್ದು ಆ ಹಳೆಯ ಗರ್ಜನೆ, ಆದರೆ ನಡುವೆ ಒಡೆದಿತ್ತು. "ಎಲವೋ ಬೊಳ್ಳು... ತಡೆ!" ನಾಯಿ ಹೊರಳಿ ಮಂಜಿನೊಳಗೆ ಹೋಯಿತು. ಆಮೇಲೆ ಕೇಳಿಸಿದ್ದು ಬೊಗಳುವ ಸದ್ದು ಮಾತ್ರ, ಅದೂ ದೂರ ದೂರವಾಗುತ್ತ.

ಹಿಂಡು ದಡ ಹತ್ತಿದ್ದು ನಾವು ಹತ್ತಿಸಬೇಕಾದ ಜಾಗದಿಂದ ಎಷ್ಟೋ ಕೆಳಗೆ. ಕಾಕ ದಡದವರಿಗೆ ಮೊದಲೇ ಹೇಳಿದ್ದ ರೋಗದ ಸುದ್ದಿ ಕೇಳಿ ಮಾವನೂ ನಮ್ಮ ಕೂಗಿನ ಜಾಡು ಹಿಡಿದು ಅಲ್ಲಿಗೆ ಓಡಿಬಂದಿದ್ದರು. ನಡುಗುತ್ತ ನಿಂತ ದನಗಳನ್ನು ಒಂದು ಸುತ್ತು ನೋಡಿ ಕೇಳಿದರು, "ಕಪಿಲೆ ಎಲ್ಲಿ?"

ಕರು ದೊಡ್ಡಮ್ಮನ ತೋಳಲ್ಲಿ ಅಂಬಾ ಅನ್ನುತ್ತಿತ್ತು. ಅವಳು ಹೊಳೆಯ ಕಡೆ ತಿರುಗಿದಳು. ಬೊಳ್ಳುವೂ ಇರಲಿಲ್ಲ.

"ನಾನು ಹೇಳಿದ್ದು ನೆನಪುಂಟಲ್ಲ ಅಕ್ಕ?"

"ಉಂಟು" ಅಂದಳು. ಅಷ್ಟೇ. ಅವಳ ಬಾಯಲ್ಲಿ ಅಷ್ಟು ಸಣ್ಣ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಮಾವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಯಜಮಾನರೆಂದೂ ನೋಡದೆ "ಬಾಯಿ ಮುಚ್ಚಿ ಮಾವ" ಅಂದುಬಿಟ್ಟೆ. ಅವರೂ ಮುಚ್ಚಿದರು.

ಕಾಳಿಯನ್ನು ಹಿಂಡಿನ ಕಾವಲಿಗೆ ಬಿಟ್ಟು, ಕರುವಿನೊಂದಿಗೆ ನಾವೆಲ್ಲ ಕಾಕನ ದೋಣಿ ಹತ್ತಿ ಕೆಳಗೆ ಹುಡುಕುತ್ತ ಹೋದೆವು. ಬಿಸಿಲು ಬಂದು ಮಂಜು ಹರಿಯುವಾಗ ಜೆಪ್ಪುವಿನ ಹತ್ತಿರ ಕಾಕ ಕೈ ತೋರಿಸಿದರು. ನೀರು ಇಳಿದು ಮೇಲೆದ್ದಿದ್ದ ಹೊಯಿಗೆಯ, ಅಂದರೆ ಮರಳಿನ, ದಿಬ್ಬ. ಅದರ ಮೇಲೆ ಕಪಿಲೆ. ಅವಳು ಸಮುದ್ರದ ಕಡೆಯ ನೀರಿಗೆ ಹೆಜ್ಜೆ ಇಟ್ಟಾಗೆಲ್ಲ ಬೊಳ್ಳು ಅಡ್ಡ ಬರುತ್ತಿದ್ದ. ಬೊಗಳಲು ಸ್ವರ ಉಳಿದಿರಲಿಲ್ಲ, ಸುಮ್ಮನೆ ಬಂದು ಎದುರು ನಿಲ್ಲುತ್ತಿದ್ದ. ಕಾಕ ಸಿಳ್ಳೆ ಹಾಕಿದರು. ಮಾವ ದೊಡ್ಡ ಸ್ವರದಲ್ಲಿ "ಬಲ ಬೊಳ್ಳು" ಅಂದರು. ಅವನು ನಮ್ಮ ಕಡೆ ನೋಡಲೂ ಇಲ್ಲ.

ದೊಡ್ಡಮ್ಮ ದಿಬ್ಬಕ್ಕೆ ಇಳಿದಳು. ಅವನ ಹತ್ತಿರ ಹೋಗಿ ಒದ್ದೆ ಹೊಯಿಗೆಯಲ್ಲೇ ಕುಕ್ಕರಗಾಲಲ್ಲಿ ಕೂತಳು, ಹರಿದ ಕಿವಿಯ ಮೇಲೆ ಕೈ ಇಟ್ಟಳು. "ಬಲ ಮಗಾ. ಬೇಲೆ ಮುಗಿಂಡ್." ಅವನು ಅವಳ ಮಡಿಲಿಗೆ ಮೂತಿ ಹಾಕಿ ಅಲ್ಲೇ ಕುಸಿದ. ಮಾವ ತಮ್ಮ ಜರಿಯಂಚಿನ ಶಾಲು ತೆಗೆದು ಅವನಿಗೆ ಸುತ್ತಿದರು. ಹಿಂಡು ಮಾರುವ ಮಾತು ಆಮೇಲೆ ಎತ್ತಲಿಲ್ಲ. ಬದಲಿಗೆ ಕೊನೆಯವರೆಗೂ ಆ ಶಾಲಿನ ವಿಷಯ ಎತ್ತಿ ದೊಡ್ಡಮ್ಮನನ್ನು ಕಾಡುತ್ತಿದ್ದರು, "ಮಗನಿಗೆ ಕೊಟ್ಟ ಶಾಲು ಮಾವನಿಗೆ ವಾಪಸ್ಸು ಯಾವಾಗ?" ಅಂತ.

ದೊಡ್ಡಮ್ಮ ಹೋದದ್ದೂ ಒಂದು ಚಳಿಗಾಲದಲ್ಲೇ. ಅಷ್ಟರಲ್ಲಿ ಕಾಳಿ ಸತ್ತಿದ್ದಳು, ಹಿಂಡು ಸಣ್ಣದಾಗಿತ್ತು, ಕುದ್ರುವಿಗೆ ಹೋಗುವುದೂ ನಿಂತಿತ್ತು. ಭತ್ತ ಕೊಯ್ದ ನಮ್ಮ ಗದ್ದೆಯಲ್ಲೇ ದನ ಮೇಯಿಸುತ್ತಿದ್ದಳು. ಪಕ್ಕದವರ ಗದ್ದೆಯಲ್ಲಿ ಉದ್ದಿನ ಬೆಳೆ. ಅತ್ತ ಹೋಗದಂತೆ ಬೊಳ್ಳುವಿಗೆ "ತಡೆ" ಅಂತ ಹೇಳಿ, ಒಂದು ಲೋಟ ನೀರು ಕುಡಿದು ಬರುತ್ತೇನೆ ಅಂತ ಮನೆಗೆ ಬಂದವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. ನಾನು ನೀರು ತರುವಷ್ಟರಲ್ಲಿ ಇರಲಿಲ್ಲ.

ಜನ ಸೇರಿದರು. ಗಂಡಸರು ಅವಳನ್ನು ಎತ್ತಿಕೊಂಡು ಹೋದರು, ದಹನವೂ ಆಯಿತು. ಸಂಜೆ ಬೆಳಕು ಇಳಿಯುವಾಗ ಹಟ್ಟಿಯ ಕಡೆ ನೋಡಿದರೆ ಖಾಲಿ. ಇಡೀ ದಿನ ಯಾರಿಗೂ ದನಗಳ ನೆನಪಾಗಿರಲಿಲ್ಲ. ಉದ್ದಿನ ಗದ್ದೆಯ ಗತಿ ಮುಗಿಯಿತು ಅಂತ ಓಡಿದೆ.

ಒಂದು ಎಲೆಯೂ ಹಾಳಾಗಿರಲಿಲ್ಲ. ದನಗಳು ಗದ್ದೆಯ ನಡುವೆ ಒಟ್ಟಾಗಿ ನಿಂತಿದ್ದವು. ಮುದಿ ಬೊಳ್ಳು ಅಂಚಿನ ಉದ್ದಕ್ಕೂ ಕುಂಟುತ್ತ ನಡೆಯುತ್ತಿದ್ದ, ತುದಿ ಮುಟ್ಟಿ ಮತ್ತೆ ತಿರುಗುತ್ತಿದ್ದ. ಬೆಳಗ್ಗಿನಿಂದ ನೀರೂ ಕುಡಿದಿರಲಾರ. ನಾನು ನಿಂತಲ್ಲಿಂದಲೇ ಕರೆದೆ. ಅವನು ನನ್ನನ್ನು ನೋಡಿದ, ನನ್ನ ಹಿಂದಿನ ದಾರಿಯನ್ನು ನೋಡಿದ, ಮತ್ತೆ ನಡೆಯತೊಡಗಿದ.

ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಹರಿದ ಕಿವಿಯ ಮೇಲೆ ಕೈ ಇಟ್ಟೆ. ಹೇಳಬಾರದೆಂದು ನಾನು ಬೈಸಿಕೊಂಡಿದ್ದ ಮಾತು ಅದು. "ಬಲ ಮಗಾ" ಅಂದೆ. "ಬೇಲೆ ಮುಗಿಂಡ್."

ಅವನು ಬಹಳ ಹೊತ್ತು ದಾರಿಯನ್ನೇ ನೋಡುತ್ತ ನಿಂತ. ಆಮೇಲೆ ಮೂತಿಯನ್ನು ನನ್ನ ಮಡಿಲಿಗೆ ಹಾಕಿದ. ದನಗಳು ತಾವಾಗಿ ಮನೆಯ ಕಡೆ ಹೊರಟವು. ನಾನು ಅಲ್ಲೇ ಕೂತು ಅತ್ತೆ. ಎಲ್ಲರ ಕೆಲಸವನ್ನೂ ಬಿಡಿಸಿದ ಅವಳಿಗೆ ಈ ಮಾತನ್ನು ಯಾರೂ ಒಮ್ಮೆಯೂ ಹೇಳಿರಲಿಲ್ಲ. ಹಾಗಾಗಿ ಇನ್ನೊಂದು ಸಲ ಹೇಳಿದೆ, ಈ ಸಲ ನಾಯಿಗಲ್ಲ.